ಕಾಡಿಗೆ ಬಿಟ್ಟ ಕಾಗದದ ಆನೆ

ದುಬಾರೆಯ ಆನೆ ಕ್ಯಾಂಪಿನಲ್ಲಿ ನಾನು ಕಾವಾಡಿ. ಮಾವುತ ಆನೆಯ ಮೇಲೆ ಕೂರುತ್ತಾನೆ. ಅದಕ್ಕೆ ಸೊಪ್ಪು ತರುವುದು, ಹೊಳೆಯಲ್ಲಿ ಮೈ ಉಜ್ಜುವುದು, ಬೆಳಿಗ್ಗೆ ಕಾಡಿನಿಂದ ಕರೆತರುವುದು ನನ್ನ ಕೆಲಸ. ಎಲ್ಲೆಲ್ಲಿಂದಲೋ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಆನೆಯನ್ನು ನೋಡಲು ಬರುತ್ತಾರೆ. ಹೀಗಿರುವಾಗ ನಾಲ್ಕು ವರ್ಷದ ನನ್ನ ಸ್ವಂತ ಮಗಳು ಒಂದು ಸಂಜೆ ಅಂಗನವಾಡಿಯಿಂದ ಬಂದವಳೇ ಅಂಗೈಯಗಲದ ನೀಲಿ ಕಾಗದವೊಂದನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಅಪ್ಪ, ಆನೆ ನೋಡು ಆನೆ! ಟೀಚರ್ ಮಾಡಿದ್ದು."

ಆನೆ ಎಂಬ ಪ್ರಾಣಿಯನ್ನು ಅವತ್ತೇ ಮೊದಲು ಕಂಡವಳ ಹಾಗೆ ಅವಳ ಕಣ್ಣು ಅರಳಿತ್ತು. ನನಗೆ ಹೊಟ್ಟೆ ಉರಿದುಹೋಯಿತು. ನಡೆಯಲು ಬರುವ ಮುಂಚೆಯೇ ಸೊಂಡಿಲು ಮುಟ್ಟಿ ಕೇಕೆ ಹಾಕಿದವಳು ಇವಳು. ಮುಟ್ಟಿಸಿದವನು ನಾನು.

ಟೀಚರ್ ಆ ವರ್ಷ ಹೊಸದಾಗಿ ಬಂದಿದ್ದರು, ಮಾದಾಪುರದ ಕಡೆಯವರು, ಚಿಕ್ಕ ವಯಸ್ಸು. ಅವರು ಬಂದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಚೌಕದ ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಚಿ, ಎರಡು ಕೊನೆಗಳನ್ನು ಕೆಳಗೆ ಬಾಗಿಸಿದರೆ ನಾಯಿ. ಅದೇ ಕೊನೆಗಳನ್ನು ಮೇಲಕ್ಕೆತ್ತಿದರೆ ಬೆಕ್ಕು. ಕಣ್ಣು ಮೂಗು ಬರೆದುಬಿಟ್ಟರೆ ಮುಗಿಯಿತು, ಮಕ್ಕಳೆಲ್ಲ ಅವರ ಹಿಂದೆ. ನಾಯಿ ಬೆಕ್ಕು ಬಂದಾಗ ನಾನು ಸುಮ್ಮನಿದ್ದೆ. ಮೀನು, ಮೊಲ ಬಂದವು, ಆಗಲೂ ಏನೂ ಅನ್ನಲಿಲ್ಲ. ಆದರೆ ಆನೆಗೂ ಕೈ ಹಾಕಬೇಕೇ? ಅವರಿಗೆ ಬೇರೆ ಪ್ರಾಣಿ ಸಿಗಲಿಲ್ಲವೇ?

"ಇದಕ್ಕೆ ಕಾಲೇ ಇಲ್ವಲ್ಲ," ಅಂದೆ. ಬರೀ ಮುಖ, ಎರಡು ಕಿವಿ, ಮಡಚಿದ ಒಂದು ಸೊಂಡಿಲು.

"ಕಾಲು ಹುಲ್ಲೊಳಗಿದೆ. ಕಾಣಲ್ಲ," ಅಂದಳು ಮಗಳು.

ಒಲೆಯ ಹತ್ತಿರ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ನನಗೆ ಇನ್ನೂ ಉರಿಯಿತು. ರಜೆಯ ದಿನ ಆನೆಗೆ ಸ್ನಾನ ಮಾಡಿಸುವುದನ್ನು ನೋಡಲು ಬಾ ಎಂದು ಪುಸಲಾಯಿಸಿದರೆ, "ಟೀಚರೂ ಬರ್ತಾರಾ?" ಎಂದು ಕೇಳಿದಳು. ಅಷ್ಟು ದೊಡ್ಡ ಆನೆಯನ್ನು ಇಟ್ಟುಕೊಂಡು ನಾನು ಒಂದು ತುಂಡು ಕಾಗದಕ್ಕೆ ಸೋತಿದ್ದೆ.

ಮಾರನೆಯ ಸಂಜೆ ಅವಳು ಅಮ್ಮನಿಂದ ಹೂ ಕಟ್ಟುವ ದಾರ ಇಸಿದುಕೊಂಡು, ಆ ಆನೆಯ ಕಿವಿಯ ಕೆಳಗೆ ತೂತು ಮಾಡಿ ಕಟ್ಟಿದಳು. ದಾರದ ಇನ್ನೊಂದು ಕೊನೆಯನ್ನು ಉದ್ದಕ್ಕೆ ಬಿಟ್ಟಳು. ನಮ್ಮ ಕ್ಯಾಂಪಿನಲ್ಲಿ ಸಂಜೆಯಾದರೆ ಆನೆಗಳ ಕಾಲಿಗೆ ಉದ್ದನೆಯ ಸರಪಳಿ ಹಾಕಿ ಮೇಯಲು ಕಾಡಿಗೆ ಬಿಡುತ್ತೇವೆ. ಬೆಳಿಗ್ಗೆ ಸರಪಳಿ ಎಳೆದುಕೊಂಡು ಹೋದ ಗುರುತು ಹಿಡಿದು ಹುಡುಕಿ ತರುತ್ತೇವೆ. ಬೇರೆ ಊರಿನ ಮಗುವಾಗಿದ್ದರೆ ಕಾಗದದ ಆನೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿತ್ತು. ನನ್ನ ಮಗಳು ಅದನ್ನು ಬೇಲಿಯ ಬುಡದಲ್ಲಿ ಬಿಟ್ಟು, "ಹೋಗು, ಮೇಯ್ಕೊಂಡು ಬಾ," ಎಂದು ಬೆನ್ನು ತಟ್ಟಿ ಒಳಗೆ ಬಂದಳು. ನಾನು ನೋಡುತ್ತಿದ್ದೆ. ಇಬ್ಬನಿಗೆ ನೆನೆಯುತ್ತದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನೆನೆಯಲಿ ಅಂದುಕೊಂಡೆ.

ಬೆಳಿಗ್ಗೆ ನಾನು ಕಾಡಿಗೆ ಹೊರಡುವಾಗ ಬೇಲಿಯ ಹತ್ತಿರ ದಾರ ಮಾತ್ರ ಇತ್ತು. ಕಾಗದ ಮೆತ್ತಗಾಗಿ ಹರಿದಿತ್ತು, ಅದನ್ನೂ ಕೋಳಿಗಳು ಕೆದರಿ ಚೆಲ್ಲಾಡಿದ್ದವು. ಟೀಚರ್ ಆನೆಯ ಕಥೆ ಮುಗಿಯಿತು ಎಂದು ಒಳಗೊಳಗೇ ಹಿಗ್ಗಿ ದಾರವನ್ನು ಜೇಬಿಗೆ ತುರುಕಿಕೊಂಡೆ. ನಮ್ಮ ಆನೆಯನ್ನು ಕರೆತಂದು ಕಟ್ಟಿ ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು.

"ನನ್ನ ಆನೆ ಎಲ್ಲಿ?"

"ನಂಗೇನ್ ಗೊತ್ತು?"

"ನಿನ್ನ ಆನೆ ಕರ್ಕೊಂಡು ಬಂದ್ಯಲ್ಲ, ನನ್ನದು ಯಾಕೆ ತರ್ಲಿಲ್ಲ? ಕಾಡಿಂದ ಆನೆ ತರೋದು ನೀನೇ ತಾನೆ?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿಬಿಡುತ್ತಿದ್ದೆ. ಅಪ್ಪನಿಗೆ ತನ್ನ ಕೆಲಸವೇ ಬರುವುದಿಲ್ಲವೇನೋ ಎಂಬಂತೆ ನನ್ನನ್ನೇ ನೋಡಿದಳು. ನಮ್ಮ ಕ್ಯಾಂಪಿನಲ್ಲಿ ಯಾರೂ ನನ್ನನ್ನು ಹಾಗೆ ನೋಡಿದ್ದಿಲ್ಲ.

"ದೂರ ಹೋಗಿದೆ ಕಣೆ. ಸಂಜೆ ತರ್ತೀನಿ," ಅಂದುಬಿಟ್ಟೆ.

ಫೋನಿನಲ್ಲಿ ನೋಡಿ ಮಡಚಲು ಹೋದೆ. ಕತ್ತೆಯೂ ಅಲ್ಲದ, ಕಪ್ಪೆಯೂ ಅಲ್ಲದ ಏನೋ ಆಯಿತು. ಬೇರೆ ದಾರಿಯಿಲ್ಲದೆ ಮಧ್ಯಾಹ್ನ ಅಂಗನವಾಡಿಗೆ ಹೋದೆ. ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ನನ್ನ ಮಗಳು ಟೀಚರ್ ಪಕ್ಕದಲ್ಲೇ, ಅವರ ವೇಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ದೆ ಹೋಗಿದ್ದಳು. ನನ್ನ ಪಕ್ಕ ಮಲಗಿದರೆ ಗೋಡೆಯ ಕಡೆ ತಿರುಗಿಕೊಳ್ಳುವವಳು.

ವಿಷಯ ಹೇಳಿದೆ. ಟೀಚರ್ ವೇಲನ್ನು ಮೆಲ್ಲಗೆ ಬಿಡಿಸಿಕೊಂಡು ನೀಲಿ ಹಾಳೆ ತಂದರು.

"ನಾನೇ ಮಾಡಿ ಕೊಡ್ಲಾ ಅಣ್ಣ?"

"ಬೇಡ ಟೀಚರೇ. ಹೇಳಿಕೊಡಿ, ನಾನೇ ಮಾಡ್ತೀನಿ."

ಹೇಳಿಕೊಟ್ಟರು. ಮೂಲೆಯಿಂದ ಮೂಲೆಗೆ ಮಡಚಿ ಬಿಚ್ಚಿದರೆ ನಡುವೆ ಒಂದು ಗೆರೆ. ಎರಡು ಬದಿಗಳು ಆ ಗೆರೆಗೆ ಬಂದು ಸೇರಬೇಕು. ಚೂಪಾದ ತುದಿಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಮಡಚಿದರೆ ಸೊಂಡಿಲು. "ಉಗುರಲ್ಲಿ ಗೀರಿ ಅಣ್ಣ, ಗೆರೆ ಕೂರುತ್ತೆ," ಅಂದರು, ನನ್ನನ್ನೂ ಚಾಪೆಯ ಮೇಲಿನ ಮಕ್ಕಳ ಲೆಕ್ಕಕ್ಕೆ ಸೇರಿಸಿಕೊಂಡು. ಅವರ ಬೆರಳು ಓಡುತ್ತಿದ್ದ ರೀತಿ ನೋಡಿ ಮತ್ತೆ ಹೊಟ್ಟೆ ಉರಿಯಿತು. ನನ್ನ ಬೆರಳು ಸೊಪ್ಪಿನ ಕಟ್ಟು ಎಳೆದು ಎಳೆದು ದಪ್ಪಗಾಗಿದ್ದವು. ಹಾಳೆಗಳು ಹಾಳಾದವು. ಕೊನೆಗೆ ಒಂದು ನಿಂತಿತು. ಎಡಗಿವಿ ಸ್ವಲ್ಪ ಸೊಟ್ಟ, ಆದರೂ ಯಾರು ನೋಡಿದರೂ ಆನೆ ಅನ್ನಬೇಕು. ಬೆಳಗಿನ ದಾರವನ್ನೇ ಕಟ್ಟಿದೆ. ನನಗೆ ಬಹಳ ಹೆಮ್ಮೆಯಾಯಿತು.

ಸಂಜೆ ಕೊಟ್ಟಾಗ ಮಗಳು ತಿರುಗಿಸಿ ತಿರುಗಿಸಿ ನೋಡಿದಳು. ದಾರ ಗುರುತು ಹಿಡಿದಳು. ಸೊಟ್ಟ ಕಿವಿ ಮುಟ್ಟಿ, "ಪಾಪ, ಮುಳ್ಳಿಗೆ ಸಿಕ್ಕಿದೆ," ಅಂದಳು. ಆಮೇಲೆ ಅದನ್ನು ಎದೆಗೆ ಒತ್ತಿಕೊಂಡು, "ಟೀಚರ್ ಎಷ್ಟು ಚೆಂದ ಮಾಡಿದ್ದಾರೆ ಅಲ್ವಾಪ್ಪ? ನಿಂಗೆ ಬರಲ್ಲ," ಅಂದಳು.

ಮಾಡಿದವನು ನಾನು ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಾಗಂದರೆ ಇವಳ ಆನೆ ಸತ್ತಿತು ಎಂದು ಹೇಳಿದಂತೆ. ನುಂಗಿಕೊಂಡೆ. "ಹೂಂ, ಚೆಂದ ಮಾಡಿದ್ದಾರೆ," ಅಂದೆ.

ಬೆಳಿಗ್ಗೆ ನಾನೇ ಅವಳನ್ನು ಅಂಗನವಾಡಿಗೆ ಬಿಡಲು ಹೋದೆ. ಅವಳು ಬಾಗಿಲಿನಿಂದಲೇ ಕೂಗಿದಳು: "ಟೀಚರ್, ನೀವು ಮಾಡಿದ ಆನೆ ಕಾಡಿಂದ ವಾಪಸ್ ಬಂತು! ಅಪ್ಪ ಹುಡುಕಿ ತಂದ್ರು!"

ಟೀಚರ್ ಸೊಟ್ಟ ಕಿವಿಯನ್ನು ನೋಡಿದರು, ನನ್ನನ್ನು ನೋಡಿದರು. "ಹೌದಲ್ಲ, ನಾನು ಮಾಡಿದ್ದೇ ಇದು," ಅಂದರು. ಅವರು ಬೇರೇನು ತಾನೆ ಹೇಳಬೇಕಿತ್ತು? ಆದರೂ ಅಷ್ಟು ಸಲೀಸಾಗಿ ಹೇಳಬಾರದಿತ್ತು.

ಮಗಳು ನನ್ನ ಕಡೆ ತಿರುಗಿದಳು. "ಅಪ್ಪ, ಇವತ್ತು ಸಂಜೆ ಮತ್ತೆ ಮೇಯೋಕೆ ಬಿಡ್ತೀನಿ. ಬೆಳಿಗ್ಗೆ ನೀನು ಹೋಗಿ ಕರ್ಕೊಂಡು ಬಾ." ಅಷ್ಟು ಹೇಳಿ ಒಳಗೆ ಓಡಿದಳು.

ನಾನು ಟೀಚರ್ ಮುಖ ನೋಡದೆ ಕೈ ಚಾಚಿದೆ.

"ನೀಲಿ ಹಾಳೆ ಇನ್ನೊಂದಿದ್ರೆ ಕೊಡಿ," ಅಂದೆ.