ಹಿತ್ತಲ ಒಲೆಯ ಜೋಳದ ರೊಟ್ಟಿ

ಕಳೆದ ತಿಂಗಳು ಶಿರಾದ ಹಿಟ್ಟಿನ ಮಿಲ್ಲಿನಲ್ಲಿ ನನ್ನ ರಾಗಿ ಡಬ್ಬವನ್ನು ಸಾಲಿನಲ್ಲಿಟ್ಟು ನಿಂತಿದ್ದೆ. ನನಗಿಂತ ಮುಂದೆ ಯಾರದೋ ಮುಸುಕಿನ ಜೋಳ ಬೀಸುತ್ತಿತ್ತು. ಮಿಲ್ಲಿನವರು ನನ್ನ ಡಬ್ಬದ ಕಡೆ ನೋಡಿ, "ಜೋಳ ಹೋಗ್ತಾ ಐತೆ ಮೇಡಂ. ಈಗ್ಲೇ ರಾಗಿ ಹಾಕಿದ್ರೆ ನಿಮ್ಮ ಹಿಟ್ಟು ಹಳದಿ ಆಗ್ತೈತೆ. ಆಮೇಲೆ ನನ್ನ ಬೈಬೇಡಿ" ಎಂದರು. ನಾನು ಬೈಯುವವಳಲ್ಲ. ಬೈಯಲೇಬೇಕಾದ ಕಡೆಯಲ್ಲೂ ಸುಮ್ಮನಿದ್ದು, ಮನೆಗೆ ಬಂದು ಪಾತ್ರೆ ತೊಳೆಯುತ್ತ ಮನಸ್ಸಿನಲ್ಲೇ ಬೈದು ಮುಗಿಸುವವಳು. ಕಾಯುತ್ತೇನೆ ಎಂದೆ.

ಬಿಸಿ ಜೋಳದ ಹಿಟ್ಟಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ರಾಗಿ ಹಿಟ್ಟಿನ ವಾಸನೆಯಲ್ಲಿ ಮಣ್ಣಿದೆ. ಜೋಳದ್ದು ಹಾಗಲ್ಲ, ಹಾಲು ತಳ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಅಡುಗೆಮನೆಯಲ್ಲಿ ಏಳುತ್ತದಲ್ಲ, ಆ ತರಹದ ಸಿಹಿ. ಆ ವಾಸನೆಗೆ ನಾನು ಎಂದೂ ಮಾಡದ ಕೆಲಸವೊಂದನ್ನು ಮಾಡಿಬಿಟ್ಟೆ. ಹಿಟ್ಟು ತುಂಬಿಸಿಕೊಳ್ಳುತ್ತಿದ್ದ ಹೆಂಗಸನ್ನು, ನನಗೂ ಸ್ವಲ್ಪ ಕೊಡುತ್ತೀರಾ ಎಂದು ಕೇಳಿದೆ.

"ಕೋಳಿ ಸಾಕಿದ್ದೀರಾ?" ಎಂದರು ಆಕೆ.

"ಇಲ್ಲ, ರೊಟ್ಟಿಗೆ."

"ರೊಟ್ಟಿಗಾ?" ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೇನೂ ಕೇಳದೆ ನನ್ನ ಕೈಚೀಲಕ್ಕೆ ಧಾರಾಳವಾಗಿ ಸುರಿದರು.

ಆಕೆಯ ಆಶ್ಚರ್ಯದಲ್ಲಿ ತಪ್ಪಿಲ್ಲ. ನಮ್ಮ ಕಡೆ ಊಟ ಎಂದರೆ ರಾಗಿ. ಮುಸುಕಿನ ಜೋಳ ಬೆಳೆಯುತ್ತೇವೆ, ಟಾರು ರಸ್ತೆಯ ಅರ್ಧಕ್ಕೆ ಹರಡಿ ಒಣಗಿಸುತ್ತೇವೆ, ಬಸ್ಸಿನವರ ಕೈಲಿ ಬೈಸಿಕೊಳ್ಳುತ್ತೇವೆ, ಕೊನೆಗೆ ಕೋಳಿ ಫಾರಂಗೆ ಹೋಗುವ ಲಾರಿಗೆ ತುಂಬಿಸುತ್ತೇವೆ. ಎಳೆಯದಿದ್ದಾಗ ಕೆಂಡದಲ್ಲಿ ಸುಟ್ಟು ತಿನ್ನುವುದುಂಟು. ಆದರೆ ಒಣಗಿಸಿ ಹಿಟ್ಟು ಮಾಡಿ ಮನೆಮಂದಿಗೆ ರೊಟ್ಟಿ ತಟ್ಟುವುದೆಂದರೆ, ಕನಿಷ್ಠ ಕೊಳಾಲದ ನಮ್ಮ ಅಜ್ಜಿಯ ಲೆಕ್ಕದಲ್ಲಿ, ಮನೆಯಲ್ಲಿ ರಾಗಿ ತೀರಿದೆ ಎಂದು ಊರಿಗೆಲ್ಲ ಸಾರಿದ ಹಾಗೆ.

ನಾವಿದ್ದದ್ದು ಮಧುಗಿರಿಯಲ್ಲಿ. ಶಾಲೆಗೆ ರಜೆ ಬಂದರೆ ನನ್ನನ್ನು ಕೊಳಾಲಕ್ಕೆ ಕಳಿಸುತ್ತಿದ್ದರು. ಅಲ್ಲಿ ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಮ್ಮ ಪಾವಗಡ ದಾಟಿ, ಇನ್ನೇನು ಆಂಧ್ರ ಬಂತು ಎನ್ನುವ ಕಡೆಯ ಊರಿನವಳು. ತವರಿನಲ್ಲಿ ತೆಲುಗು. ಮದುವೆಯಾಗಿ ಬಂದು ನಮ್ಮ ಮಾತು ಕಲಿತಳು, ನಮ್ಮ ಹಾಗೆ ಮುದ್ದೆ ಕಟ್ಟಲು ಕಲಿತಳು. ಬರುಬರುತ್ತಾ ಅಜ್ಜಿಯ ಮುದ್ದೆಗಿಂತ ಅವಳದೇ ನುಣುಪಾಯಿತು. ಅವಳು ಬಿಡದೆ ಉಳಿಸಿಕೊಂಡದ್ದು ಒಂದೇ, ಜೋಳದ ರೊಟ್ಟಿ. ವಾರಕ್ಕೊಮ್ಮೆಯಾದರೂ ಅದು ಆಗಬೇಕು.

ಅಜ್ಜಿ ಅದನ್ನು ಬೇಡವೆನ್ನಲಿಲ್ಲ. ಒಳಗೆ ಬೇಡ ಎಂದಳು. "ಕೋಳಿ ಕಾಳು ಸುಡಕ್ಕೆ ನನ್ನ ಹೆಂಚು ಮುಟ್ಬೇಡ ಕಣಮ್ಮ ಲಚ್ಮಿ. ಹಿತ್ಲಾಗೆ ಏನಾರ ಮಾಡ್ಕೋ ಹೋಗು." ಹೀಗಾಗಿ ಚಿಕ್ಕಮ್ಮ ಹಿತ್ತಲಲ್ಲಿ, ನೀರು ಕಾಯಿಸುವ ಹಂಡೆಯ ಪಕ್ಕ, ಕಲ್ಲು ಜೋಡಿಸಿ ತನ್ನದೇ ಒಂದು ಒಲೆ ಹೂಡಿಕೊಂಡಳು. ತವರಿನಿಂದ ತನ್ನದೇ ಒಂದು ಮಣ್ಣಿನ ಹೆಂಚು ತಂದುಕೊಂಡಳು. ಇದನ್ನೆಲ್ಲ ಅವಳು ಮುನಿಸಿನಿಂದ ಮಾಡಿದಂತೆ ನನಗೆ ನೆನಪಿಲ್ಲ. ಯಾರೂ ಕರೆಯದ ಕಡೆಗೆ ತಾನಾಗಿ ಹೋಗದ ಒಂದು ಬಿಗುಮಾನ ಅವಳಲ್ಲಿತ್ತು, ಅಷ್ಟೆ. ನನ್ನಲ್ಲೂ ಇದೆ. ಅದಕ್ಕೇ ಇರಬೇಕು, ರಜೆಯಲ್ಲಿ ನಾನು ಹೋಗಿ ಕೂರುತ್ತಿದ್ದದ್ದು ಅವಳ ಒಲೆಯ ಮುಂದೆ.

ಜೋಳದ ಹಿಟ್ಟಿಗೆ ಅಂಟಿಲ್ಲ. ಗೋಧಿಯ ಹಾಗೆ ಅದು ಕೈಗೆ ಒಗ್ಗುವುದಿಲ್ಲ. ಉಪ್ಪು ಹಾಕಿದ ನೀರು ಕುದಿಯುವಾಗ ಹಿಟ್ಟು ಸುರಿದು, ಮುಚ್ಚಿಟ್ಟು, ಇಳಿಸಿ, ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದಬೇಕು. ಸ್ವಲ್ಪ ಆರಿತೋ, ಕೆಟ್ಟಿತು. ಚಿಕ್ಕಮ್ಮ ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ನಾದುತ್ತಿದ್ದಳು. ಉಂಡೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟು ತಟ್ಟುವಾಗ ಎಡಗೈ ಅಂಚನ್ನು ಕಾಯುತ್ತಿತ್ತು. ಬಿರುಕು ಕಂಡ ಕೂಡಲೇ ಒದ್ದೆ ಬೆರಳು ಅಲ್ಲಿಗೆ ಹೋಗಿ ಮುಚ್ಚುತ್ತಿತ್ತು. ಆಮೇಲೆ ಬಟ್ಟೆಯ ಸಮೇತ ಎತ್ತಿ ಹೆಂಚಿಗೆ ಮಗುಚಿ ಬಟ್ಟೆ ಬಿಡಿಸುವುದು. ಅಷ್ಟು ಮಾಡಿಯೂ ಕೆಲವು ಒಡೆಯುತ್ತಿದ್ದವು. ಒಡೆದರೆ ಅವಳು ತೆಲುಗಿನಲ್ಲಿ ಏನೋ ಗೊಣಗಿ, ಆ ತುಂಡನ್ನು ಕಡಲೆಕಾಯಿ ಚಟ್ನಿ ಹಚ್ಚಿ ನನ್ನ ಕೈಗಿಡುತ್ತಿದ್ದಳು. "ತಿನವೇ ತಲ್ಲಿ, ಬಿಸಿ ಇರೋವಾಗ್ಲೇ ತಿನ್ನು. ಆರಿದ್ರೆ ಇದು ರೊಟ್ಟಿ ಅಲ್ಲ, ಹಲಗೆ." ತವರಿನ ಭಾಷೆಯಲ್ಲಿ ಅವಳು ನನ್ನನ್ನು 'ತಲ್ಲಿ', ಅಂದರೆ ತಾಯಿ, ಎನ್ನುತ್ತಿದ್ದದ್ದು ಅಲ್ಲಿ ಮಾತ್ರ. ಅಡುಗೆಮನೆಯೊಳಗೆ ನಾನು ಬರೀ 'ಕಣಮ್ಮ'.

ಅಜ್ಜಿ ಒಂದು ಸಲ ತಿಂದು ನೋಡಲಿ ಎಂಬ ಆಸೆ ಚಿಕ್ಕಮ್ಮನಿಗಿತ್ತು. ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಪ್ರತಿ ಸಲವೂ ಚೆನ್ನಾಗಿ ಬಂದ ಒಂದು ರೊಟ್ಟಿಯನ್ನು ತಟ್ಟೆಯಲ್ಲಿ ಮುಚ್ಚಿ ಒಳಗಿಡುತ್ತಿದ್ದಳು. ಪ್ರತಿ ಸಲವೂ ಅದು ಸಂಜೆ ಹಸುವಿನ ಬಾನಿಗೆ ಬೀಳುತ್ತಿತ್ತು. ಅಜ್ಜಿ ಕೆಟ್ಟವಳಲ್ಲ, ದಯವಿಟ್ಟು ಹಾಗೆಂದುಕೊಳ್ಳಬೇಡಿ. ಚಿಕ್ಕಮ್ಮನಿಗೆ ಜ್ವರ ಬಂದಾಗ ಕಾಲೊತ್ತುತ್ತ ಕೂತದ್ದು ಇದೇ ಅಜ್ಜಿ. ಒಮ್ಮೆ ಅಂದ ಮಾತನ್ನು ಹಿಂದೆ ತೆಗೆದುಕೊಳ್ಳುವ ದಾರಿ ಗೊತ್ತಿರಲಿಲ್ಲ ಅವಳಿಗೆ.

ಆ ದಾರಿ ತಾನಾಗಿ ತೆರೆದದ್ದು ಅಜ್ಜಿಯ ತಮ್ಮ ಬಂದ ದಿನ. ಬರಗೂರಿನ ತಾತ ಹೇಳದೆ ಕೇಳದೆ ಬಸ್ಸಿಳಿದು ಬಂದರು. ಎರಡು ದಿನದಿಂದ ಕರೆಂಟಿಲ್ಲದೆ ಮಿಲ್ಲು ನಿಂತಿತ್ತು. ಮನೆಯಲ್ಲಿ ರಾಗಿ ಹಿಟ್ಟು ತಳ ಕಂಡಿತ್ತು. ಪಕ್ಕದ ಮನೆಯಲ್ಲಿ ಕೇಳಿ ತರುವಷ್ಟು ತಗ್ಗುವವಳಲ್ಲ ಅಜ್ಜಿ. ಹಜಾರದಲ್ಲಿ ತಮ್ಮನಿಗೆ ನೀರು ಕೊಟ್ಟು ಅಡುಗೆಮನೆಗೆ ಬಂದವಳು, ಚಿಕ್ಕಮ್ಮನ ಮುಖ ನೋಡದೆ, "ಅದೇನೋ ಸುಡ್ತೀಯಲ್ಲ, ಅದ್ನೇ ನಾಕು ತಟ್ಟು. ನಾನೂ ತಿಂತೀನಿ. ಈ ಹೆಂಚ್ನಾಗೇ ಸುಡು ಬುಡು" ಎಂದು ಹೋದಳು.

ಚಿಕ್ಕಮ್ಮ ಒಲೆ ಹೊತ್ತಿಸಿದಳು. ನೀರಿಟ್ಟಳು. ಜೋಳದ ಹಿಟ್ಟು ಜರಡಿ ಹಿಡಿದಳು. ನೀರು ಕುದಿ ಬರುವ ಹೊತ್ತಿಗೆ ಅವಳ ಧೈರ್ಯ ಹೋಗಿತ್ತೆಂದು ಕಾಣುತ್ತದೆ. ರಾಗಿ ಡಬ್ಬವನ್ನು ಬಗ್ಗಿಸಿ, ತಳದಲ್ಲಿದ್ದದ್ದನ್ನೆಲ್ಲ ಕೆರೆದು ಜೋಳದ ಹಿಟ್ಟಿಗೆ ಬೆರೆಸಿಬಿಟ್ಟಳು. ನಾನು ನೋಡುತ್ತಿದ್ದೆ. "ಒಡೆದ್ರೆ ನೆಂಟ್ರ ಮುಂದೆ ನಗೆಪಾಟ್ಲು ಕಣಮ್ಮ. ರಾಗಿ ಹಿಡ್ಕಂತೈತೆ. ಅವ್ರ ಬಾಯಿಗೂ ಒಗ್ತೈತೆ" ಎಂದು ಪಿಸುಗುಟ್ಟಿದಳು.

ಒಂದೂ ಒಡೆಯಲಿಲ್ಲ. ಮೆತ್ತಗೆ, ದುಂಡಗೆ, ಕಂದು ಹಳದಿ ಬಣ್ಣದ ರೊಟ್ಟಿಗಳು. ಬರಗೂರಿನ ತಾತ ಇನ್ನೊಂದು ಹಾಕಿಸಿಕೊಂಡರು. "ಏನಕ್ಕಾ, ಇದ್ನೆಲ್ಲಾ ಒಬ್ಳೇ ತಿಂತಿದ್ದಾ ಇಷ್ಟು ದಿನ? ನಮಗೂ ಒಂದು ಮಾತು ಹೇಳಬಾರ್ದಾ?" ಎಂದು ಕಿಚಾಯಿಸಿದರು. ಅಜ್ಜಿ ನಿಧಾನವಾಗಿ ಅಗಿದಳು. ಇನ್ನೊಂದು ತುತ್ತು ಮುರಿದಳು. "ಚೆನ್ನಾಗೈತೆ ಲಚ್ಮಿ. ಇನ್ಮೇಲೆ ಒಳಗೇ ಸುಡು. ಹಿತ್ಲಾಗೆ ಹೊಗೆ ಯಾಕೆ ಕುಡೀತೀಯ" ಎಂದಳು.

ಆವತ್ತು ಚಿಕ್ಕಮ್ಮನ ಮುಖ ನೋಡಬೇಕಿತ್ತು ನೀವು. ನಾನು ಗೆದ್ದವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಜೋಳದ ರೊಟ್ಟಿ ಅಡುಗೆಮನೆಯೊಳಗೇ ಆಯಿತು. ರಾಗಿ ಬೆರೆಸಿಯೇ ಆಯಿತು. ಮೆಚ್ಚಿಸಿದ ರೊಟ್ಟಿ ಅದು. ಅದನ್ನು ಬದಲಿಸುವುದು ಹೇಗೆ? ಹಿತ್ತಲ ಒಲೆಯ ಕಲ್ಲುಗಳನ್ನು ಯಾರೋ ಬಟ್ಟೆ ಒಗೆಯುವ ಜಾಗಕ್ಕೆ ಎಳೆದುಕೊಂಡರು. ಅಜ್ಜಿ ಬಂದವರಿಗೆಲ್ಲ "ನಮ್ಮ ಲಚ್ಮಿ ಜೋಳದ ರೊಟ್ಟಿ" ಎಂದು ಹೇಳಿ ಬಡಿಸಿದಳು. ಬೇರೆ ಜೋಳದ ರೊಟ್ಟಿಯೊಂದಿತ್ತು ಎನ್ನುವುದು ಚಿಕ್ಕಮ್ಮನಿಗೂ ನನಗೂ ಮಾತ್ರ ಗೊತ್ತಿತ್ತು. ಹಾಗೆಂದು ನಾವಿಬ್ಬರೂ ತಿಳಿದಿದ್ದೆವು.

ನಾನು ತುಮಕೂರಿನಲ್ಲಿ ಎಂ.ಎ. ಓದುವಾಗ ಅಜ್ಜಿ ಹಾಸಿಗೆ ಹಿಡಿದಳು. ಒಂದು ಭಾನುವಾರ ನೋಡಲು ಹೋಗಿದ್ದೆ. ಚಿಕ್ಕಮ್ಮ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಅಜ್ಜಿ ಎರಡು ತುತ್ತು ನುಂಗಿ ಬಾಯಿ ಮುಚ್ಚಿದಳು. ಆಮೇಲೆ ಸೂರಿನ ಕಡೆ ನೋಡುತ್ತ, "ಮುಂಚೆ ಹಿತ್ಲಾಗೆ ಸುಡ್ತಿದ್ದಲ್ಲ ಲಚ್ಮಿ, ಇಲ್ಲಿ ಕೂತ್ಕಂಡ್ರೆ ಗಮ್ಮಂತ ಬರ್ತಿತ್ತು. ಆ ವಾಸ್ನೆ ಈಗ ಬರಕ್ಕಿಲ್ವಲ್ಲ" ಎಂದಳು.

ಚಿಕ್ಕಮ್ಮನ ಚಮಚ ಅಲ್ಲೇ ನಿಂತಿತು. "ಈಗೆಲ್ಲಾ ಹೈಬ್ರಿಡ್ ಜೋಳ ಅಲ್ವಾ ಅತ್ತೆ. ಗ್ಯಾಸ್ ಒಲೆ ಬೇರೆ."

"ಅದೂ ಸರೀನೇ" ಎಂದಳು ಅಜ್ಜಿ.

ಅಡುಗೆಮನೆಯಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. "ಈಗ ಹೆಂಗಮ್ಮ ಹೇಳ್ಲಿ? ಇಷ್ಟು ವರ್ಷ ನಿಮ್ಗೆ ಬೇರೆ ಏನೋ ತಿನ್ನಿಸ್ದೆ ಅಂತ ಹೇಳ್ಲಾ? ಬರೋ ವಾರ ಬರೀ ಜೋಳದ್ದೇ ಸುಟ್ಟು ಕೊಟ್ಬುಡ್ತೀನಿ. ಹೇಳಾದೇನೂ ಬ್ಯಾಡ." ನಾನು ಹೂಂ ಎಂದೆ. ಬರುವ ವಾರ ಅಜ್ಜಿ ಇರಲಿಲ್ಲ.

ಮಿಲ್ಲಿನಿಂದ ತಂದ ಹಿಟ್ಟನ್ನು ನಾನು ಅರ್ಧ ಇಟ್ಟುಕೊಂಡು, ಅರ್ಧ ಕಟ್ಟಿಕೊಂಡು ಪಕ್ಷಕ್ಕೆ ಕೊಳಾಲಕ್ಕೆ ಹೋದೆ. ಪಕ್ಷದಲ್ಲಿ ತೀರಿಹೋದ ಹಿರಿಯರಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆ ಇಡುತ್ತೇವೆ. ಚಿಕ್ಕಮ್ಮ ನನ್ನ ಕೈಚೀಲದೊಳಗೆ ಕೈಯಿಟ್ಟು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನೇರ ಹಿತ್ತಲಿಗೆ ಹೋಗಿ, ಇಟ್ಟಿಗೆ ಜೋಡಿಸಿ ಬೆಂಕಿ ಮಾಡಿದಳು. ಎಷ್ಟೋ ವರ್ಷದಿಂದ ಬರೀ ಜೋಳ ತಟ್ಟದ ಕೈ. ಅಂಚು ಅವಳ ಮಾತು ಕೇಳಲಿಲ್ಲ. ಬೆವರೊರೆಸಿಕೊಂಡು ಮತ್ತೆ ಮತ್ತೆ ನಾದಿದಳು. ಕೊನೆಗೆ ಒಂದು ಇಡಿಯಾಗಿ ಬಂತು. ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದ, ಬಿಸಿಲಿನ ಬಣ್ಣದ ರೊಟ್ಟಿ. ಅದನ್ನು ಹಿಡಿದು ಹೆಚ್ಚುಕಮ್ಮಿ ಓಡುತ್ತಲೇ ಒಳಗೆ ಹೋಗಿ ಎಲೆಯ ಮೇಲಿಟ್ಟಳು.

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲೆಳೆದುಕೊಂಡು ಎಲ್ಲರೂ ಹೊರಗಿರಬೇಕು. ಜಗುಲಿಯ ಮೇಲೆ ಚಿಕ್ಕಮ್ಮ ಬಾಗಿಲಿಗೆ ಕಿವಿಗೊಟ್ಟವಳ ಹಾಗೆ ಕೂತಿದ್ದಳು. ಒಳಗಿಂದ ಸದ್ದಾಗುತ್ತದೆಂದು ನಾನು ನಂಬುವವಳಲ್ಲ. ಆದರೂ ಅವಳ ಪಕ್ಕಕ್ಕೆ ಸರಿದು ಕೂತೆ.

ಚಿಕ್ಕಪ್ಪ ಕೆಮ್ಮಿ ಬಾಗಿಲು ತೆಗೆದರು. ಎಡೆಯ ಅಡುಗೆಯನ್ನು ಹಂಚಿಕೊಂಡು ಊಟಕ್ಕೆ ಕೂತೆವು. ಚಿಕ್ಕಪ್ಪ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿಯಬೇಕಾಯಿತು.

"ಇದೇನೇ ಇದು, ಹಿಂಗೆ ಬಿರುಸಾಗೈತೆ? ರಾಗಿ ಹಾಕ್ಲಿಲ್ವಾ ಈ ಸಲ?"

ಚಿಕ್ಕಮ್ಮ ತಲೆಯೆತ್ತಿದಳು. "ರಾಗಿ ಹಾಕಾದು ನಿಮಗೆಂಗೆ ಗೊತ್ತು?"

"ನನಗೇನು ಗೊತ್ತು. ಅವ್ವ ಅವತ್ತೇ ಅಂದಿದ್ಲು. ಮಾವ ಬಂದಿದ್ನಲ್ಲ, ಅವತ್ತು. ರಾಗಿ ಬೆರ್ಸವ್ಳೆ ಕಣ್ಲಾ ಪಾಪ, ನಮ್ಮ ಬಾಯಿಗೆ ಹತ್ಲಿ ಅಂತ. ನೀನೇನೂ ಅನ್ನಾಕ್ಕೋಗ್ಬ್ಯಾಡ, ಬೇಜಾರು ಮಾಡ್ಕಂತಾಳೆ ಅಂದ್ಲು." ಚಿಕ್ಕಪ್ಪ ತುಂಡನ್ನು ಸಾರಿನಲ್ಲಿ ಅದ್ದಿಕೊಂಡರು. "ಹುಟ್ಟಿದಾಗಿಂದ ರಾಗಿ ತಿಂದವ್ಳಿಗೆ ರಾಗಿ ಗೊತ್ತಾಗಕ್ಕಿಲ್ವಾ?"

ಎಷ್ಟು ಸರಳವಾದ ಮಾತು. ಇಷ್ಟು ಓದಿಕೊಂಡ ನನಗಾಗಲಿ, ಆ ಮನೆಯಲ್ಲಿ ಬಾಳಿದ ಚಿಕ್ಕಮ್ಮನಿಗಾಗಲಿ ಅದು ಹೊಳೆದಿರಲಿಲ್ಲ. ಚಿಕ್ಕಮ್ಮ ಬಡಿಸುವ ಸೌಟು ಹಿಡಿದುಕೊಂಡೇ ಕೂತಳು.

"ಗೊತ್ತಿದ್ರೆ ಬಾಯಿಬುಟ್ಟು ಕೇಳ್ಬೌದಾಗಿತ್ತಲ್ಲ" ಎಂದಳು. ಚಿಕ್ಕಪ್ಪ ಇನ್ನೊಂದು ತುಂಡು ಮುರಿದುಕೊಂಡರು. ಚಿಕ್ಕಮ್ಮ ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, "ಕೇಳಿದ್ರು ಕಣಮ್ಮ, ಆ ವಾಸ್ನೆ ಬರಕ್ಕಿಲ್ವಲ್ಲ ಅಂತ" ಎಂದಳು.

ಶಿರಾಕ್ಕೆ ವಾಪಸು ಬಂದು, ಉಳಿದಿದ್ದ ಹಿಟ್ಟಿನಲ್ಲಿ ಮೊನ್ನೆ ನಾನೇ ರೊಟ್ಟಿ ಮಾಡಿದೆ. ಅಂಟಿಗೆಂದು ಗೋಧಿ ಹಿಟ್ಟಿನ ಡಬ್ಬ ತೆಗೆದು, ಮತ್ತೆ ಮುಚ್ಚಿಟ್ಟೆ. ಬಂದದ್ದು ಯಾವ ಆಕಾರವೆಂದು ಹೇಳುವುದು ಕಷ್ಟ. ಕೆಳಗಿನ ಮನೆಯಲ್ಲಿ ನನಗೆ ಮನೆ ಬಾಡಿಗೆಗೆ ಕೊಟ್ಟ, ಉರ್ದು ಮನೆಮಾತಿನ ಅಮ್ಮ ಇದ್ದಾರೆ. ಮೆಟ್ಟಿಲ ಮೇಲೆ ಸಿಕ್ಕರೆ ನಗುವುದರ ಹೊರತು ನಾನು ಅವರ ಬಾಗಿಲು ತಟ್ಟಿದವಳಲ್ಲ. ಅವತ್ತು ಯೋಚಿಸುತ್ತ ನಿಂತಿದ್ದರೆ ರೊಟ್ಟಿ ಆರಿಹೋಗುತ್ತಿತ್ತು. ಹಾಗೇ ತಟ್ಟೆ ಹಿಡಿದು ಇಳಿದು ಹೋದೆ.

ಅವರು ನಿಂತಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಉಪ್ಪು ಕಮ್ಮಿ ಆಯ್ತು ಬೇಟಿ" ಎಂದರು. "ಅಂಚು ಹಸಿ ಐತೆ. ಇನ್ನೊಂದು ಇದ್ರೆ ತಗೊಂಡ್ಬಾ."

ಇನ್ನೊಂದು ರೊಟ್ಟಿ ತರಲು ಮೆಟ್ಟಿಲು ಹತ್ತಿದೆ. ಅಷ್ಟು ವರ್ಷದಲ್ಲಿ ಚಿಕ್ಕಮ್ಮನಿಗೆ ಆ ಮನೆಯಲ್ಲಿ ಯಾರೂ ಒಂದು ಸಲವೂ ಹಾಗೆ, ಇದ್ದದ್ದನ್ನು ಇದ್ದ ಹಾಗೆ, ಹೇಳಿರಲಿಲ್ಲ.