ಮೆಣಸಿನಕಾಯಿಯ ತವರು

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಮೆಣಸು ಒಂದು ಬಟ್ಟಲಲ್ಲಿ, ಒಣಮೆಣಸಿನಕಾಯಿ ಅದರ ಪಕ್ಕದಲ್ಲಿ, ಹಿಂದಿನಿಂದಲೂ ನೆರೆಮನೆಯವರಂತೆ ಕುಳಿತಿವೆ. ಒಂದು ಕಪ್ಪು, ಗುಂಡಗೆ. ಇನ್ನೊಂದು ಕೆಂಪು, ಉದ್ದ. ಒಂದು ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಬಿಡುವುದು, ಇನ್ನೊಂದು ಹಿತ್ತಲಿನ ಸಣ್ಣ ಗಿಡದಲ್ಲಿ. ರೂಪದಲ್ಲಾಗಲಿ ಕುಲದಲ್ಲಾಗಲಿ ನಂಟಿಲ್ಲದ ಈ ಎರಡಕ್ಕೂ ಒಂದೇ ಹೆಸರು ಹೇಗೆ ಬಂತೆಂದು, ಮಿತ್ರರೆ, ನೀವು ಎಂದಾದರೂ ಯೋಚಿಸಿದ್ದೀರಾ? ಇಲ್ಲವಾದರೆ ನೀವು ಸುಖಿಗಳು. ನಾನು ಯೋಚಿಸಿದೆ, ಯೋಚಿಸಿ ಸುಮ್ಮನಿರದೆ ಬಾಯಿಬಿಟ್ಟು ಕೇಳಿದೆ, ಅದರ ಫಲವಾಗಿ ಹೊಳೆನರಸೀಪುರದ ನಮ್ಮ ಮನೆ ಒಂದು ವರ್ಷ ಆಷಾಢದಿಂದ ಗೌರಿಹಬ್ಬದವರೆಗೆ ಸಪ್ಪೆ ಊಟ ಉಂಡಿತು.

ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿಯಿಂದ ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಷ್ಟೇ ವರ್ಷ ತುಂಬಿತ್ತು. ಮಾವನವರು ಮೇಷ್ಟರಾಗಿದ್ದು ನಿವೃತ್ತರಾದವರು. ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಇವರಿಬ್ಬರನ್ನೂ ಆಳುತ್ತಿದ್ದವರು ನಮ್ಮ ಅತ್ತೆ. ಅತ್ತೆಯವರು ಕೆಟ್ಟವರಲ್ಲ, ಕೋಪಿಷ್ಠರೂ ಅಲ್ಲ; ಆದರೆ ಯಾವುದಾದರೂ ಸರಿ ಎಂದು ಮನಸ್ಸಿಗೆ ಬಂದರೆ ಅದನ್ನು ಅರ್ಧಕ್ಕೆ ನಿಲ್ಲಿಸುವುದು ಅವರಿಗೆ ಗೊತ್ತಿರಲಿಲ್ಲ.

ಅಂದು ಮಾವನವರ ತಂದೆಯ ತಿಥಿ. ಅಡಿಗೆಗೆಲ್ಲ ಮೆಣಸೇ, ಮೆಣಸಿನಕಾಯಿಯನ್ನು ಒಲೆಯ ಹತ್ತಿರಕ್ಕೂ ತಂದಿರಲಿಲ್ಲ. ಬಾಳೆಕಾಯಿ ಹೆಚ್ಚುತ್ತಿದ್ದ ನಾನು, “ಅತ್ತೆ, ಎರಡೂ ಖಾರವೇ, ಎರಡಕ್ಕೂ ಹೆಸರೂ ಒಂದೇ. ತಿಥಿಗೆ ಇದು ಆಗುತ್ತೆ, ಅದು ಯಾಕೆ ಆಗಲ್ಲ?” ಎಂದೆ.

ಅತ್ತೆ ಸೌಟು ಹಿಡಿದು ನಿಂತರು. “ನಮ್ಮತ್ತೆ ಹಾಕ್ತಿರಲಿಲ್ಲ, ನಾನೂ ಹಾಕಲಿಲ್ಲ. ಯಾಕೆ ಅಂತ ಗೊತ್ತಿಲ್ವಲ್ಲೇ,” ಎಂದರು. ಅವರಿಗೆ ಗೊತ್ತಿಲ್ಲದ್ದು ಉಳಿಯಬಾರದು. ಊಟವಾದ ಮೇಲೆ ತಾಂಬೂಲ ಕೊಡುವಾಗ ಪುರೋಹಿತರನ್ನೇ ಕೇಳಿದರು. ಪುರೋಹಿತರು ಅಡಿಕೆ ಜಗಿಯುತ್ತ, “ಅದು ಪರದೇಶದ್ದು ತಾಯಿ. ಪರಂಗಿಯವರು ಹಡಗಿನಲ್ಲಿ ತಂದದ್ದಂತೆ. ಪಿತೃಗಳಿಗೆ ಅದರ ರುಚಿ ಗೊತ್ತಿಲ್ಲ, ಬಡಿಸಿದರೆ ಉಣ್ಣೋದು ಹೇಗೆ?” ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟುಹೋದರು.

“ಪಿತೃಗಳಿಗೆ ಆಗದ್ದು ನಮಗೆ ಮಾತ್ರ ಹೇಗೆ ಆಗುತ್ತೆ?” ಎಂದರು ಅತ್ತೆ. ಮರುದಿನ ಡಬ್ಬಿಯಲ್ಲಿ ಮೆಣಸಿನಕಾಯಿಯ ಜಾಗ ಖಾಲಿ. ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಎಸೆಯಲು ಮನಸ್ಸು ಬಾರದೆ, ಬಾಯಿಗೆ ಇನ್ನೊಂದು ಸುತ್ತು ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸಿದರು.

ಇಷ್ಟಕ್ಕೇ ನಿಂತಿದ್ದರೆ ಮೆಣಸಿನ ಸಾರು ಉಂಡುಕೊಂಡು ಹೇಗೋ ಇರಬಹುದಿತ್ತು. ಆದರೆ ಮಾವನವರೊಳಗಿನ ಮೇಷ್ಟರು ಎಚ್ಚೆತ್ತರು. ದಿನವೂ ಎಲೆಯ ಮುಂದೆ ಕುಳಿತು, “ಈ ಆಲೂಗೆಡ್ಡೇನೂ ಹಡಗಿನಲ್ಲೇ ಬಂದದ್ದು ಕಣೇ,” ಎಂದೋ, “ಕೋಸು ಇಂಗ್ಲಿಷಿನವರದ್ದು,” ಎಂದೋ ಪಾಠ ಹೇಳುವರು. ಹೇಳಿದ್ದೆಲ್ಲ ಮರುದಿನ ಎಲೆಯಿಂದ ಮಾಯವಾಗುವುದು. ಪಾಠದ ಹುಮ್ಮಸ್ಸಿನಲ್ಲಿ ತಮ್ಮ ತುತ್ತನ್ನು ತಾವೇ ಕಳೆದುಕೊಳ್ಳುತ್ತಿದ್ದೇವೆಂಬುದು ಅವರಿಗೆ ಹೊಳೆಯುವಷ್ಟರಲ್ಲಿ ಟೊಮೇಟೊ, ಸೀಬೆಹಣ್ಣು, ಕಡಲೆಕಾಯಿ ಎಲ್ಲ ಹೊರಟುಹೋಗಿದ್ದವು. ನನ್ನ ಯಜಮಾನರಂತೂ ಕಚೇರಿಯ ಮುಂದಿನ ಹೋಟೆಲಿನ ಚಟ್ನಿಯ ವಾಸನೆಯನ್ನು ಕೈಗೆ ಹತ್ತಿಸಿಕೊಂಡೇ ಸಂಜೆ ಮನೆಗೆ ಬರುತ್ತಿದ್ದರು.

ಹೊಳೆಯಾಚೆಯಿಂದ ತರಕಾರಿ ತರುತ್ತಿದ್ದ ನಿಂಗಮ್ಮ ಕುಕ್ಕೆ ಇಳಿಸಿ ಬೇಸರದಿಂದ ಕೂರುವಳು. “ಅದೂ ಬ್ಯಾಡ, ಇದೂ ಬ್ಯಾಡ ಅಂದ್ರೆ ನಾನೇನ್ ತರ್ಲಿ, ಅದ್ನಾರ ಏಳಿ ಅಮ್ಮಾರೆ.”

“ಬದನೆಕಾಯಿ ತಾ.”

“ದಿನಾ ಬದ್ನೆಕಾಯೇ ತತ್ತಿದ್ದೀನಿ ಕಣವ್ವ. ಗಿಡಾನೂ ದಣ್ಕಂಬುಟ್ಟದೆ.”

ಈ ದಿನಗಳಲ್ಲಿ ನನ್ನ ತಲೆಯಲ್ಲಿ ಒಂದು ಮಾತು ಸುತ್ತುತ್ತಿತ್ತು. ಕೆಲವು ಪದಾರ್ಥಗಳು ತಮ್ಮ ಹುಟ್ಟನ್ನು ಹಣೆಯ ಮೇಲೆ ಬರೆದುಕೊಂಡೇ ಬಂದಿವೆ: ಪರಂಗಿಹಣ್ಣು, ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ. ಈ ‘ಸೀಮೆ’ ಎಂಬ ಶಬ್ದದ ಚಮತ್ಕಾರ ನೋಡಿ; ‘ನಮ್ಮ ಸೀಮೆ’ ಎಂದರೆ ಹೊಕ್ಕುಳಬಳ್ಳಿಯ ನೆಲ, ಬರಿಯ ‘ಸೀಮೆ’ ಎಂದರೆ ಏಳು ಸಮುದ್ರದಾಚೆ. ಹೊಳೆನರಸೀಪುರದವರಿಗೆ ದಂಡಿಗನಹಳ್ಳಿಯೂ ಒಂದು ಸೀಮೆಯೇ. “ಆ ಸೀಮೆ ಹುಡುಗಿ ಬಂದದ್ದೇ ಬಂದದ್ದು, ಮೇಷ್ಟರ ಮನೇಲಿ ಒಗ್ಗರಣೆ ಘಾಟೇ ನಿಂತುಹೋಯ್ತು,” ಎಂದು ನೆರೆಯವರು ಬಾವಿಕಟ್ಟೆಯಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಆದರೆ ಮೆಣಸಿನಕಾಯಿ ಹಾಗೆ ಸೀಮೆಯ ಹೆಸರು ಹೊತ್ತು ಬರಲಿಲ್ಲ. ಅದನ್ನು ಮೊದಲು ರುಚಿ ನೋಡಿ ಕಣ್ಣೀರು ಸುರಿಸಿದ ಯಾವಳೋ ಕನ್ನಡದ ಹೆಂಗಸು, “ಇದು ನಮ್ಮ ಮೆಣಸಿನ ಕಡೆಯದೇ ಕಣೇ,” ಎಂದು ಒಳಗೆ ಕರೆದುಕೊಂಡು ಮನೆತನದ ಹೆಸರನ್ನೇ ಕೊಟ್ಟುಬಿಟ್ಟಿರಬೇಕು. ನನಗೂ ಹಾಗೆಯೇ ಆಗಿತ್ತು. ತವರಿನಲ್ಲಿ ನಾನು ವೆಂಕಟಲಕ್ಷ್ಮಿ. ಅತ್ತೆಯ ಹೆಸರೂ ಅದೇ ಆದದ್ದರಿಂದ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದು ನನ್ನನ್ನು ಜಾನಕಿ ಮಾಡಿದ್ದರು. ಆ ಹೆಸರಿನಿಂದ ಕರೆದರೆ ಬೇರೆ ಯಾರನ್ನೋ ಕರೆದರೆಂದು ನಾನು ಇನ್ನೂ ಹಿಂತಿರುಗಿ ನೋಡುತ್ತಿದ್ದೆ.

ಮಾವನವರು ಒಂದು ದಿನ ನನ್ನನ್ನೂ ಮಗನನ್ನೂ ಜಗಲಿಗೆ ಕರೆದು ತಗ್ಗಿದ ದನಿಯಲ್ಲಿ, “ಏನು ಬೇಕಾದರೂ ಕೇಳಿ. ಕಾಫಿ ಎಲ್ಲಿಂದ ಬಂತು ಅಂತ ಮಾತ್ರ ಅವಳೆದುರಿಗೆ ಕೇಳಬೇಡಿ,” ಎಂದರು. ಸಕಲೇಶಪುರದ ಬೆಟ್ಟದಲ್ಲಿ ಬೆಳೆಯುವ ಕಾಫಿ ನಮ್ಮದಲ್ಲದೆ ಇನ್ನಾರದೆಂದು ಅತ್ತೆ ನಂಬಿಕೊಂಡಿದ್ದರು. ಬೆಳಗಿನ ಆ ಒಂದು ಲೋಟವೇ ಅವರ ಜೀವ. ಆದರೆ ಒಂದು ಬೆಳಿಗ್ಗೆ ಹಬೆಯಾಡುವ ಲೋಟ ಹಿಡಿದು ಅವರೇ ಕೇಳಿದರು: “ಇದೂ ನಮ್ಮದು ತಾನೇ?”

ಮಾವನವರು ಕಂಬ ನೋಡಿದರು, ಸೂರು ನೋಡಿದರು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸಿದ ಬಾಯಿ. “ಅರಬ್ಬೀ ದೇಶದ್ದು ಅಂತಾರೆ,” ಎಂದರು.

ಅತ್ತೆ ಲೋಟ ಕೆಳಗಿಟ್ಟರು. ಅಂದಿನಿಂದ ತಲೆನೋವು. ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿ, ಬಟ್ಟೆ ಬಿಗಿದು, ಮುಖ ಬಾಡಿಸಿಕೊಂಡು ಓಡಾಡುವ ಅವರನ್ನು ನೋಡಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹಬ್ಬಕ್ಕೆ ಕರೆಯಲು ಅಣ್ಣ ಬಂದರೆ ತವರಿಗೆ ಹೋಗಿ ಕೆಲವು ಕಾಲ ಅಲ್ಲೇ ಇದ್ದುಬಿಡಲೇ ಎಂದೂ ಅನ್ನಿಸಿತು. ಕೊನೆಗೆ ಅವರ ಹಣೆ ಒತ್ತುತ್ತ, “ನಾನು ಅವತ್ತು ಕೇಳಬಾರದಿತ್ತು ಅತ್ತೆ,” ಎಂದೆ.

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ನೀನು ಕೇಳಿದ್ದಕ್ಕೇನು? ಇಷ್ಟು ವರ್ಷ ಬೇಯಿಸಿದೀನಿ, ನನಗೆ ಕೇಳಬೇಕು ಅಂತ ಒಂದು ದಿನಾನೂ ತೋಚಲಿಲ್ಲವಲ್ಲ, ಅದೇ ಆಶ್ಚರ್ಯ. ಇನ್ನೇನಾದ್ರೂ ತೋಚಿದ್ರೆ ಕೇಳೇ. ಸುಮ್ಮನಿರಬೇಡ.” ನನ್ನ ಮೈ ಹಗುರಾಯಿತು. ಆದರೆ ಕಾಫಿಯನ್ನು ಅವರು ಮುಟ್ಟಲಿಲ್ಲ.

ಗೌರಿಹಬ್ಬಕ್ಕೆ ಅರಕಲಗೂಡಿನಿಂದ ನಾದಿನಿ ಸಾವಿತ್ರಿ ಬಂದಳು. ಅತ್ತೆಯ ಒಬ್ಬಳೇ ಮಗಳು, ಚೊಚ್ಚಲ ಬಸುರಿ; ಏನು ತಿಂದರೂ ನಿಲ್ಲದೆ ಬಳಲಿಹೋಗಿದ್ದಳು. ಅತ್ತೆ ತಲೆನೋವನ್ನು ಮರೆತು ಮೆಣಸಿನ ಸಾರು, ಜೀರಿಗೆ ಸಾರು, ಬದನೆಕಾಯಿಯಲ್ಲಿ ಬಗೆಬಗೆಯ ಅಡಿಗೆ ಮಾಡಿ ಬಡಿಸಿದರು. ಅವಳು ಎಲೆಯ ಮುಂದೆ ಕುಳಿತು ಅನ್ನದಲ್ಲಿ ಬೆರಳಾಡಿಸುತ್ತ, “ಅಮ್ಮ, ಹಸಿಮೆಣಸಿನಕಾಯಿ ಸುಟ್ಟು, ಹುಣಸೆಹಣ್ಣು ಕಿವುಚಿ ಗೊಜ್ಜು ಮಾಡ್ತಿದ್ದೆಯಲ್ಲ, ಅದಿದ್ರೆ ಎರಡು ತುತ್ತು ಉಣ್ತಿದ್ದೆ,” ಎಂದಳು.

ಮನೆಯ ಸುದ್ದಿ ಅವಳಿಗೆ ತಿಳಿದಿರಲಿಲ್ಲ. ಮಾವನವರು ಊಟ ನಿಲ್ಲಿಸಿದರು. ಅತ್ತೆ ಮಗಳ ಬತ್ತಿದ ಮುಖವನ್ನೂ, ಅವಳ ಮಡಿಲನ್ನೂ ನೋಡಿದರು.

“ಜಾನಕಿ, ನಿಂಗಮ್ಮ ಇನ್ನೂ ಬೀದಿ ದಾಟಿರಲಾರಳು. ಕೂಗು.”

ನಾನು ಓಡಿದೆ. ನಿಂಗಮ್ಮ ಸೊಪ್ಪಿನ ಕಟ್ಟು ಸರಿಸಿ ಅಡಿಯಿಂದ ಹಿಡಿ ತುಂಬ ಹಸಿಮೆಣಸಿನಕಾಯಿ ತೆಗೆದುಕೊಟ್ಟಳು. “ಒಂದಿನ ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು ಕಣವ್ವ,” ಎಂದಳು.

ಅತ್ತೆಯವರೇ ಕೆಂಡದ ಮುಂದೆ ಕುಳಿತು ಸುಟ್ಟರು. ಘಾಟು ನಡುಮನೆಗೆ ನುಗ್ಗಿ ಎಲ್ಲರೂ ಕೆಮ್ಮಿದೆವು. ಮಾವನವರು ಕೆಮ್ಮುತ್ತಲೇ ಇನ್ನಷ್ಟು ಉಸಿರೆಳೆದುಕೊಂಡರು. ಸಾವಿತ್ರಿ ಕಣ್ಣು ಮೂಗು ಒರೆಸಿಕೊಳ್ಳುತ್ತ, ನಗುತ್ತ, ಎರಡಲ್ಲ, ಎಲೆ ತುಂಬ ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು.

ತಮ್ಮ ಎಲೆಗೂ ಗೊಜ್ಜು ಬಿದ್ದ ಧೈರ್ಯದಲ್ಲಿ ಮಾವನವರು ಮೆಲ್ಲಗೆ, “ನಮ್ಮಪ್ಪನಿಗೆ ಆಗದ್ದು ನಮಗೆ ಹೇಗೆ ಆಗುತ್ತೆ ಅಂದಿದ್ದೆಯಲ್ಲ?” ಎಂದರು.

“ಅಂದಿದ್ದೆ,” ಎಂದರು ಅತ್ತೆ. “ಸತ್ತವರಿಗೆ ಅವರು ಬಲ್ಲದ್ದು ಬಡಿಸೋಣ, ತಪ್ಪಿಸೋದು ಬೇಡ. ಆದರೆ ಈ ಕೂಸು ಇನ್ನೂ ಕಣ್ಣೇ ಬಿಟ್ಟಿಲ್ಲ, ಆಗಲೇ ಕೇಳ್ತಿದೆ. ಇದು ಪರದೇಶದ್ದು ಅಂತ ಅದಕ್ಕೆ ಯಾರು ಹೇಳೋರು?” ನನ್ನ ಕಡೆ ತಿರುಗಿ, “ನನ್ನ ತಿಥಿಗೆ ಮಾತ್ರ ಮೆಣಸು ಅರೀತಾ ಕೂರಬೇಡಿ. ಈ ಗೊಜ್ಜು ಮಾಡಿ. ಇದರ ರುಚಿ ನನಗೆ ಚೆನ್ನಾಗಿ ಗೊತ್ತು,” ಎಂದರು.

“ಕಾಫಿ?” ಎಂದರು ಮಾವನವರು.

“ಕಾಫೀನೂ ಇಡಿ.” ಹಣೆಯ ಪಟ್ಟಿಯನ್ನು ಬಿಚ್ಚಿ ಮಡಿಸುತ್ತ ಅತ್ತೆ ಒಂದು ಗಳಿಗೆ ಯೋಚಿಸಿದರು. “ಅಲ್ಲೀವರೆಗೂ ಕಾಯೋದು ಯಾಕೆ? ಜಾನಕಿ, ಈಗಲೇ ಒಲೆ ಮೇಲೆ ನೀರಿಡು.”