ನಾನು ಮೈಸೂರಿಗೆ ತಂದ ಹತ್ತು ಚೆಂಡು

ಮನೆ ಬಾಡಿಗೆಗೆ ಕೊಡುವುದಿಲ್ಲ ಎಂದು ಹೇಳಿದ ಮೇಲೂ ಕೂರಿಸಿ ಕಾಫಿ ಕೊಡುವ ಊರನ್ನು ನಾನು ಅದುವರೆಗೆ ನೋಡಿರಲಿಲ್ಲ. "ಒಂಟಿ ಹೆಂಗಸ್ರಿಗೆ ಕೊಡಲ್ಲ ಕಣಮ್ಮ, ತಪ್ಪು ತಿಳ್ಕೋಬೇಡಿ. ಸಕ್ಕರೆ ಸಾಕಾ?" ಎಂದ ರಾಜೀವನಗರದ ಮನೆಯೊಡತಿಯ ಮುಖದಲ್ಲಿ ನಗು ಒಂಚೂರೂ ಮಾಸಲಿಲ್ಲ. ನಮ್ಮ ಗದಗಿನಲ್ಲಾದರೆ ಯಾಕೆ ಲಗ್ನವಾಗಿಲ್ಲ ಎಂದು ಜನ್ಮ ಜಾಲಾಡಿ, ಬೈದು, ಕೊನೆಗೆ ಕೀಲಿಕೈ ಕೊಡುತ್ತಿದ್ದರು. ಇಲ್ಲಿ ಬೈಗುಳವೂ ಇಲ್ಲ, ಕೀಲಿಯೂ ಇಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ಅದು ತೊಂಬತ್ತರ ದಶಕದ ಕೊನೆ. ಆರು ವರ್ಷ ಭಾರತದ ಮಹಿಳಾ ಹಾಕಿ ತಂಡದ ಅಂಗಿ ತೊಟ್ಟು ಆಡಿ, ತಂಡದಿಂದ ಹೊರಬಿದ್ದ ಮೇಲೆ, ಮೈಸೂರಿನ ಒಂದು ಹುಡುಗಿಯರ ಕ್ರೀಡಾ ಹಾಸ್ಟೆಲ್ಲಿಗೆ ಕೋಚ್ ಆಗಿ ಬಂದಿದ್ದೆ. ಮನೆ ಸಿಗದೆ ಅಲ್ಲಿನ ಸ್ಟೋರ್ ರೂಮಿನಲ್ಲೇ ಮಂಚ ಹಾಕಿಕೊಂಡೆ. ಮೊದಲ ದಿನ ಮೈದಾನದಲ್ಲಿ "ಓಡ್ರಲೇ, ಏನ್ ಹೆಣಾ ಹೊರಾಕ ಬಂದೀರೇನ?" ಎಂದು ಕೂಗಿದ್ದಕ್ಕೆ ಇಬ್ಬರು ಹುಡುಗಿಯರು ಅತ್ತೇಬಿಟ್ಟರು. ನಮ್ಮಲ್ಲಿ 'ಲೇ' ಅನ್ನಿಸಿಕೊಳ್ಳದಿದ್ದರೆ ಆಟ ಕಲಿಸುವ ಸರ್‌ಗೆ ನಮ್ಮ ಮೇಲೆ ಪ್ರೀತಿಯಿಲ್ಲವೆಂದು ಕೊರಗುತ್ತಿದ್ದೆವು. ಇಲ್ಲಿ ಜಗಳದಲ್ಲೂ 'ರೀ' ಹಚ್ಚುತ್ತಾರೆ.

ಜೋಳದ ರೊಟ್ಟಿ ಕಾಣದೆ ಒಂದು ತಿಂಗಳು ಊಟ ಮಾಡಿದಂತೆಯೇ ಆಗಲಿಲ್ಲ. ರಾಗಿ ಮುದ್ದೆಯನ್ನು ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡು ಕೂತಿದ್ದ ನನ್ನನ್ನು ನೋಡಿ ಎಲ್ಲರೂ ಮುಸಿಮುಸಿ ನಕ್ಕರು. ಸವಿತ ಎಂಬ ಹದಿನೇಳರ ಹುಡುಗಿ ಮಾತ್ರ ಪಕ್ಕಕ್ಕೆ ಬಂದು ಕೂತಳು. "ಅಗೀಬ್ಯಾಡಿ ಮೇಡಂ. ಸಾರಲ್ಲಿ ಅದ್ಬುಟ್ಟು ನುಂಗ್ಬುಡಿ." ನುಂಗಿದೆ. ಮೈಸೂರಿನಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ಸವಿತಳ ಮನೆ ಮೈಸೂರಿನ ಅಶೋಕಪುರಂನಲ್ಲೇ ಇದ್ದರೂ, ಹೊಟ್ಟೆತುಂಬ ಊಟ ಸಿಗುತ್ತದೆಂದು ಹಾಸ್ಟೆಲ್ ಸೇರಿದ್ದಳು. ತಾಯಿ ಮಹದೇವಮ್ಮ ಊರಂಚಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಮಗಳು ರಾಜ್ಯ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಗಬಹುದು. ಇಬ್ಬರೂ ಅದೊಂದನ್ನೇ ನಂಬಿದ್ದರು. ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಅದಕ್ಕೇ ಅವಳನ್ನು ಫಸ್ಟ್ ರನ್ನರ್ ಮಾಡಿದೆ. ಪೆನಾಲ್ಟಿ ಕಾರ್ನರಿನಲ್ಲಿ ಎದುರಾಳಿ ಚೆಂಡು ಬಾರಿಸುವಾಗ, ಗೋಲಿನ ಗೆರೆಯಿಂದ ಎಲ್ಲರಿಗಿಂತ ಮೊದಲು ನೇರ ಆ ಚೆಂಡಿನ ಮುಂದಕ್ಕೆ ನುಗ್ಗುವವಳು ಆಕೆ. ಆಗೆಲ್ಲ ಮುಖಕ್ಕೂ ಮೊಣಕಾಲಿಗೂ ರಕ್ಷಣೆಯಿರಲಿಲ್ಲ. ನಾನೂ ಅದನ್ನೇ ಆಡಿದವಳು. ಮುಂದಿನ ಎರಡು ಹಲ್ಲು ಕಟ್ಟಿಸಿಕೊಂಡಿದ್ದೇನೆ.

ಅವಳಿಗಿದ್ದದ್ದು ಒಂದೇ ಕೊರತೆ. ಚೆಂಡು ಹತ್ತಿರ ಬಂದರೆ ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಗದಗಿನಲ್ಲಿ ನನಗೆ ಆಟ ಕಲಿಸಿದ ಸರ್ ಇದಕ್ಕೊಂದು ಮದ್ದು ಇಟ್ಟುಕೊಂಡಿದ್ದರು. ಹೆದರಿದವಳನ್ನು ಗೋಲಿನ ಗೆರೆಯ ಮೇಲೆ ನಿಲ್ಲಿಸಿ ಕಾಲಿಗೇ ಹತ್ತು ಚೆಂಡು ಹೊಡೆಯುವುದು. ಸರಿದರೆ ಮತ್ತೆ ಒಂದರಿಂದ ಶುರು. ಮುಗಿಸಿದವಳಿಗೆ ಸರ್ ಮಿರ್ಚಿ ಭಜಿ ತಿನ್ನಿಸುತ್ತಿದ್ದರು. ತಾಯಂದಿರು ಊದಿದ ಕಾಲಿಗೆ ಅರಿಶಿನ ಹಚ್ಚಿ ಮರುದಿನ ಮತ್ತೆ ಕಳಿಸುತ್ತಿದ್ದರು.

ಆಯ್ಕೆ ಪಂದ್ಯಕ್ಕೆ ಮೂರು ದಿನವಿದ್ದಾಗ ಸವಿತಳನ್ನು ಹಾಗೆ ನಿಲ್ಲಿಸಿದೆ. ಎರಡು ಸಲ ಸರಿದಳು. ಎರಡು ಸಲವೂ ಒಂದರಿಂದ ಶುರು ಮಾಡಿದೆ. ಮೂರನೆಯ ಸಲ ಆರನೆಯ ಚೆಂಡು ಮೊಣಕಾಲಿಗೆ ಬಡಿಯಿತು. ಸದ್ದು ನನಗೂ ಕೇಳಿಸಿತು. ಅವಳು ಅಲುಗಲಿಲ್ಲ. "ಸಾಕಾ ಮೇಡಂ?" ಎಂದಳು. ಇನ್ನೂ ನಾಲ್ಕು ಹೊಡೆದೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ನನಗೆ ಹೆಮ್ಮೆಯೆನಿಸಿತು.

ಮೊಣಕಾಲು ಊದಿಕೊಂಡಿತು. ಬಟ್ಟೆ ಬಿಗಿದು, "ಏನೂ ಆಗೂದಿಲ್ಲ, ಆಡಲೇ" ಎಂದು ಪಂದ್ಯಕ್ಕೆ ಇಳಿಸಿದೆ. ಮೊದಲ ಕಾರ್ನರಿನಲ್ಲೇ ಗೆರೆಯಿಂದ ಚಿಮ್ಮಿ, ನಾಲ್ಕು ಹೆಜ್ಜೆ ಓಡಿ ಬಿದ್ದಳು. ಆಯ್ಕೆದಾರರು ಅವಳ ಹೆಸರು ಹೊಡೆದುಹಾಕಿದರು. ಇನ್ನು ಆಟದ ಮಾತೇ ಬೇಡ ಎಂದರು ಡಾಕ್ಟರು.

ಮಹದೇವಮ್ಮ ಪಾಳಿ ಮುಗಿಸಿ ಬಸ್ಸಿಳಿದು ನೇರ ಮೈದಾನಕ್ಕೆ ಬಂದರು. ಹೊಡೆದರೂ ಹೊಡೆಸಿಕೊಳ್ಳುವುದೇ ಎಂದು ನಿಂತಿದ್ದೆ. ಅವರು ಬೈಯಲೂ ಇಲ್ಲ.

"ನಿಮ್ಮೂರಲ್ಲಿ ಇಂಗೇ ಕಲಿಸ್ತಾರಾ ಮೇಡಂ?"

"ಹೌದ್ರೀ. ನನಗೂ ಹಿಂಗ ಕಲಿಸ್ಯಾರ."

"ಅದ್ನ ಅಲ್ಲೇ ಬುಟ್ಟು ಬರ್ಬಾರ್ದಾಗಿತ್ತಾ?"

 ಅವರು ಹಾಸ್ಟೆಲ್ಲಿನಿಂದ ಮಗಳ ಟ್ರಂಕು ಎತ್ತಿಕೊಂಡು ಹೋದರು.

ಆ ವರ್ಷದ ಯುಗಾದಿಗೆ ಗದಗಿಗೆ ಹೋದಾಗ ಸರ್ ಮುಂದೆ ಕೂತು ಎಲ್ಲ ಹೇಳಿದೆ. ಅವರು ಅಪ್ಪಿಕೊಂಡು ಸಮಾಧಾನ ಮಾಡುತ್ತಾರೆಂದೋ, ಕಪಾಳಕ್ಕೆ ಬಿಡುತ್ತಾರೆಂದೋ ಕಾದೆ. ಸರ್ ಕೇಳಿದರು, "ಹತ್ತೂ ನಿಂತ್ಲೇನ?"

"ನಿಂತ್ಲ್ರೀ ಸರ್."

"ಭೇಷ್."

ಆ ಮಾತು ಕೇಳಿದ್ದೇ ನನ್ನ ಜೀವ ತಣ್ಣಗಾಯಿತು. ತಣ್ಣಗಾಯಿತಲ್ಲ ಎಂದು ನನ್ನ ಮೇಲೇ ಅಸಹ್ಯವೂ ಆಯಿತು. ಕಾಲು ಮುಟ್ಟಿ ನಮಸ್ಕರಿಸಿ, ಹಬ್ಬದ ಊಟಕ್ಕೂ ನಿಲ್ಲದೆ ಮೈಸೂರಿನ ಬಸ್ ಹತ್ತಿದೆ. ಅಲ್ಲಿ ನನಗೆ ಯಾರೂ ಭೇಷ್ ಅನ್ನುವುದಿಲ್ಲ.